ಕೊಲೆಯಿಲ್ಲದ ಗಲ್ಲಿಯ ಪತ್ತೇದಾರಿ

ಒಂದಾದರೂ ಕೊಲೆ ಆಗದೆ ನನಗೆ ಮಧ್ಯಾಹ್ನದ ನಿದ್ದೆ ಹತ್ತುವುದಿಲ್ಲ. ಗಾಬರಿಯಾಗಬೇಡಿ, ನಾನು ಹೇಳುತ್ತಿರುವುದು ಕಾಗದದ ಮೇಲಿನ ಕೊಲೆ. ಸೊಲ್ಲಾಪುರದ ಬಿಸಿಲಿಗೆ ಊಟವಾದ ಮೇಲೆ ಇಡೀ ಪೇಟೆ ಕಣ್ಣು ಮುಚ್ಚುತ್ತದೆ. ನಮ್ಮವರು ಚಾದರಿನ ಅಂಗಡಿಯ ಶಟರ್ ಅರ್ಧ ಇಳಿಸಿ ಮನೆಗೆ ಬಂದು ಗೊರಕೆ ಶುರು ಮಾಡುತ್ತಾರೆ. ನಾನು ಕೂಲರಿನ ಎದುರು ಚಾಪೆ ಹಾಸಿ ಪತ್ತೇದಾರಿ ಕಾದಂಬರಿ ತೆಗೆಯುತ್ತೇನೆ. ಮೊದಲ ನಾಲ್ಕು ಪುಟದೊಳಗೆ ಒಂದು ಹೆಣ ಸಿಕ್ಕರೆ ಮನಸ್ಸಿಗೆ ಏನೋ ಸಮಾಧಾನ. ಪೊಲೀಸರು ಬಂದು ಪಂಚನಾಮೆ ಮಾಡುವಷ್ಟರಲ್ಲಿ ಕಣ್ಣು ಎಳೆಯತೊಡಗುತ್ತದೆ. "ನಿನ್ನ ಕೈಯಾಗಿನ ಪುಸ್ತಕ ನೋಡಿದ್ರ, ನೀ ಕೊಟ್ಟ ಚಾ ಕುಡ್ಯಾಕ ಅಂಜಿಕಿ ಬರ್ತೈತಿ" ಎಂದು ನಮ್ಮವರು ಆಗಾಗ ಅನ್ನುತ್ತಾರೆ. ಆದರೂ ಕುಡಿಯುತ್ತಾರೆ.

ನನ್ನ ತವರು ಅಕ್ಕಲಕೋಟ, ಕಲಿತದ್ದು ಕನ್ನಡ ಸಾಲೆಯಲ್ಲಿ. ಸೊಲ್ಲಾಪುರದಲ್ಲಿ ಕನ್ನಡದ ಮಾತು ಕಿವಿ ತುಂಬ ಸಿಗುತ್ತದೆ, ಕನ್ನಡದ ಪುಸ್ತಕ ಹುಡುಕುವುದು ಮಾತ್ರ ಅದೇ ಒಂದು ಪತ್ತೇದಾರಿ ಕೆಲಸ. ತಮ್ಮ ವಿಜಯಪುರಕ್ಕೆ ಹೋದಾಗ ಒಂದು ಚೀಲ ತಂದುಕೊಡುತ್ತಾನೆ. ಅದು ಮುಗಿದರೆ ಲೈಬ್ರರಿಯಿಂದ ಮರಾಠಿಯವು ಬರುತ್ತವೆ. ಯಾವ ಭಾಷೆಯಲ್ಲಿ ಕೊಂದರೂ ನನ್ನ ತಕರಾರಿಲ್ಲ. ತಕರಾರು ಇರುವುದು ಜಾಗದ ಬಗ್ಗೆ. ವಿಮಾನ, ಪರದೇಶದ ಬ್ಯಾಂಕು, ಸಮುದ್ರದ ನಡುವಿನ ಹಡಗು, ಇವೆಲ್ಲ ನನಗೆ ಒಗ್ಗುವುದಿಲ್ಲ. ಒಂದೇ ಗಲ್ಲಿ ಇರಬೇಕು. ಹತ್ತಾರು ಮನೆ, ಗೋಡೆಗೆ ಗೋಡೆ ಅಂಟಿರಬೇಕು. ಎಲ್ಲರೂ ಎಲ್ಲರ ಮನೆಗೆ ಸಕ್ಕರೆ ಕೇಳಲು ಹೋಗುವವರಾಗಿರಬೇಕು. ಅವರಲ್ಲೇ ಒಬ್ಬರು ಸಾಯಬೇಕು, ಅವರಲ್ಲೇ ಒಬ್ಬರು ಕೊಂದಿರಬೇಕು. ಅಂಥ ಪುಸ್ತಕ ಸಿಕ್ಕರೆ ಮಾತ್ರ ನಿದ್ದೆ ಗಿದ್ದೆ ಎಲ್ಲ ಬಿಟ್ಟು ಓದುತ್ತೇನೆ.

ಆದರೆ ಓದುವಾಗೆಲ್ಲ ಒಂದು ಸಂಶಯ ನನ್ನನ್ನು ಕಾಡುತ್ತದೆ. ಅಷ್ಟು ಒತ್ತೊತ್ತಾಗಿ ಬದುಕುವ ಮಂದಿಗೆ ಕೊಲೆಗಾರ ಯಾರೆಂದು ಕೊನೆಯ ಪುಟದ ತನಕ ಗೊತ್ತಾಗುವುದೇ ಇಲ್ಲವಲ್ಲ, ಅದು ಹೇಗೆ? ನಮ್ಮ ಗಲ್ಲಿಯಲ್ಲಿ ಒಬ್ಬರ ಮನೆಯ ಕುಕ್ಕರ್ ಸೀಟಿ ಹೊಡೆದರೆ ಒಳಗೆ ಬೇಯುತ್ತಿರುವುದು ಬೇಳೆಯೋ ಬಟಾಟೆಯೋ ಎಂದು ಆಚೆಯ ಮನೆಯವರು ಹೇಳುತ್ತಾರೆ. ನಮ್ಮವರು ಮಂಡಿನೋವಿಗೆ ಎಣ್ಣೆ ಬದಲಿಸಿದ್ದು ನನಗಿಂತ ಮೊದಲು ಹಿಟ್ಟಿನ ಗಿರಣಿಯವರಿಗೆ ಗೊತ್ತಾಗಿತ್ತು. ಇನ್ನು ಎದುರುಮನೆಯ ಗಿರಿಜವ್ವ. ಬೆಳಗಾದರೆ ಸಾಕು, ಕೌದಿ ಮಡಚಿ ಹಾಕಿಕೊಂಡು ಮನೆಯ ಮುಂದಿನ ಕಟ್ಟೆಯ ಮೇಲೆ ಕೂತುಬಿಡುತ್ತಾಳೆ. ಹಾದುಹೋಗುವ ನಾಯಿಯ ವಂಶಾವಳಿಯೂ ಆಕೆಗೆ ಗೊತ್ತು. ಇಂಥ ಗಲ್ಲಿಗೆ ಕೊಲೆಗಾರ ಚಾಕು ಹಿಡಿದು ಬಂದನೆನ್ನಿ. "ಯಾರಪಾ ನೀ? ಯಾರ ಪೈಕಿ? ಕೈಯಾಗೇನೈತಿ?" ಎಂದು ಆಕೆ ಕೇಳಲು ಶುರು ಮಾಡಿದರೆ, ಪಾಪ, ಅವನು ಎಲ್ಲದಕ್ಕೂ ಉತ್ತರ ಕೊಟ್ಟು ಚಹಾ ಕುಡಿದು ಮನೆಗೆ ಹೋಗಿಬಿಡುತ್ತಾನೆ.

ಪತ್ತೇದಾರ ಯಾವಾಗಲೂ ಹೊರಗಿನಿಂದಲೇ ಯಾಕೆ ಬರುತ್ತಾನೆ ಎಂಬುದು ನನ್ನ ಇನ್ನೊಂದು ಕುತೂಹಲ. ಹಿಂದಿನ ಕಾಲದ ರಾಜರು ವೇಷ ಮರೆಸಿಕೊಂಡು ಊರು ತಿರುಗುತ್ತಿದ್ದರೆಂದು ಅಜ್ಜಿಯರು ಕತೆ ಹೇಳುತ್ತಿದ್ದರು. ಜೋಗಿಯಾಗಿ, ಬಳೆಗಾರರಾಗಿ ಕೇರಿಗೆ ಬಂದು ತಮ್ಮ ಬಗ್ಗೆ ಜನ ಏನನ್ನುತ್ತಾರೆಂದು ಕೇಳುವುದು. ರಾಜರು ಹೋದರು, ಆ ವಿದ್ಯೆ ಹೋಗಲಿಲ್ಲ. ಅದು ನಮ್ಮ ಕಡೆಯ ಬೀಗರ ಕೈಗೆ ಬಂದಿದೆ. ಲಗ್ನದ ಮಾತು ನಡೆದಾಗ ಹುಡುಗನ ಕಡೆಯವರು ಹುಡುಗಿಯ ಗಲ್ಲಿಗೆ, ಹುಡುಗಿಯ ಕಡೆಯವರು ಹುಡುಗನ ಊರಿಗೆ ಗುಟ್ಟಾಗಿ ಹೋಗಿ ವಿಚಾರಿಸುವುದಕ್ಕೆ ಇಲ್ಲಿ ಚೌಕಶಿ ಎನ್ನುತ್ತಾರೆ. ಚೌಕಶಿಗೆ ಬಂದವರು ಬಂದ ಕಾರಣವನ್ನು ಎಂದೂ ಬಾಯಿಬಿಡುವುದಿಲ್ಲ. ಟಾವೆಲ್ ಕೊಳ್ಳಲು ಬಂದೆವು, ದಾರಿ ತಪ್ಪಿದೆವು, ಒಂದು ಲೋಟ ನೀರು ಕೊಡಿ, ಹೀಗೆ ಏನಾದರೊಂದು ನೆಪ. ಗಲ್ಲಿಯವರಿಗೆ ಬಂದವರು ಯಾರೆಂದು ತಕ್ಷಣ ತಿಳಿಯುತ್ತದೆ, ತಿಳಿಯಿತೆಂದು ಬಂದವರಿಗೂ ತಿಳಿಯುತ್ತದೆ. ಆದರೂ ಇಬ್ಬರೂ ಏನೂ ಗೊತ್ತಿಲ್ಲದವರ ಹಾಗೆ ಮಳೆ, ಜೋಳ, ಮೊಮ್ಮಕ್ಕಳು ಎಂದು ಮಾತಾಡುತ್ತ ಕೂಡುತ್ತಾರೆ.

ಈ ಚೌಕಶಿಯೇ ನನ್ನನ್ನು ಕಾದಂಬರಿಯೊಳಗಿಂದ ಎಬ್ಬಿಸಿ ಗಲ್ಲಿಗೆ ಇಳಿಸಿತು. ನಮ್ಮ ಪಕ್ಕದ ಮನೆ ಮಹಾನಂದಾಳದು. ಗಂಡ ತೀರಿಕೊಂಡ ಮೇಲೆ ಆಕೆಗೆ ಇರುವವಳು ಒಬ್ಬಳೇ ಮಗಳು, ಭಾಗ್ಯಶ್ರೀ. ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಟಾವೆಲ್ ಕಾರಖಾನೆಯೊಂದರಲ್ಲಿ ಕಂಪ್ಯೂಟರಿನ ಮೇಲೆ ಡಿಸೈನ್ ಮಾಡುತ್ತಾಳೆ. ಹುಡುಗಿಗೆ ಕನ್ನಡದ ಮಾತು ನಾಲಿಗೆಯ ತುದಿಯಲ್ಲಿದೆ, ಅಕ್ಷರ ಬಾರದು. ಹಾಗಾಗಿ ರವಿವಾರ ಶೇಂಗಾ ಚಟ್ನಿ ಕುಟ್ಟಲು ಕೂತಾಗ ನಾನು ಓದಿದ ಕೊಲೆಗಳನ್ನೆಲ್ಲ ಆಕೆಗೆ ಬಾಯಿಮಾತಿನಲ್ಲಿ ಹೇಳುತ್ತೇನೆ. ಕತೆ ಅರ್ಧಕ್ಕೆ ಬರುವಾಗಲೇ "ಕಾಕು, ಆ ಡಾಕ್ಟರಾ ಕೊಂದಾನ ನೋಡ್ರಿ" ಎಂದು ಹೇಳಿ ನನ್ನ ಮಜವನ್ನೆಲ್ಲ ಹಾಳು ಮಾಡುತ್ತಾಳೆ.

ಒಂದು ರವಿವಾರ ಆಕೆ ಕತೆ ಕೇಳಲಿಲ್ಲ. ಒನಕೆ ಬದಿಗಿಟ್ಟು ನನ್ನ ಮುಂದೆ ಕೂತಳು.

"ಕಾಕು, ಚಪಳಗಾಂವದಿಂದ ಲಗ್ನಕ್ಕ ಒಂದು ಸ್ಥಳ ಬಂದೈತಿ. ಮಲ್ಲಿನಾಥ ಅಂತ. ಹೊಲ, ಎಮ್ಮಿ ನೋಡ್ಕೊಂಡು ಅದಾನ. ನೌಕರಿ ಬಿಡಂಗಿಲ್ಲ ಅಂದೆ. 'ಬಿಡ್ರಿ ಅಂದ್ರ ನೀವು ಕೇಳೋವ್ರಂಗ ಕಾಣಂಗಿಲ್ಲ, ನಾ ಯಾಕ ಹೇಳ್ಲಿ' ಅಂದ. ಅವ ನನಗ ಪಸಂತ ಬಂದಾನ."

"ಮತ್ತೇನವಾ, ಪೇಢೆ ತಿನಸು" ಎಂದೆ.

"ಹಿಂದಿನ ಎರಡೂ ಸ್ಥಳ ಹಿಂಗ ಆಗಿದ್ವು. ನೋಡಿ ಹೋದ್ರು, ಹೂಂ ಅಂದ್ರು, ಚೌಕಶಿಗೆ ಬಂದು ಹೋದ ಮ್ಯಾಲೆ ಫೋನಾ ಎತ್ತಲಿಲ್ಲ. ಗಲ್ಲಿಯಾಗ ಯಾರೋ ನನ್ನ ಮ್ಯಾಲೆ ಚಾಡಿ ಹೇಳಾಕತ್ತಾರ. ಇಷ್ಟು ಪುಸ್ತಕ ಓದ್ತೀರಿ, ಯಾರಂತ ಹುಡುಕ್ರಿ ಕಾಕು. ಇವನ್ನ ನಾ ಕಳಕೊಳ್ಳಾಕ ತಯಾರಿಲ್ಲ."

ಅಷ್ಟು ಹೇಳುವಾಗ ಆ ಗಟ್ಟಿ ಹುಡುಗಿಯ ದನಿ ಒಡೆಯಿತು. ನೀರಿನ ತಂಬಿಗೆ ಆಕೆಯ ಕೈಗೆ ಕೊಟ್ಟೆ. ಆದರೆ, ಸುಳ್ಳು ಯಾಕೆ ಹೇಳಲಿ, ಮೈಯೆಲ್ಲ ಜುಮ್ಮೆಂದಿತು. ಕೊನೆಗೂ ನನಗೊಂದು ಕೇಸು ಸಿಕ್ಕಿತ್ತು.

ಕಾದಂಬರಿಯ ನಿಯಮದಂತೆ ಮೊದಲು ಶಂಕಿತರನ್ನು ಗುರುತಿಸಿದೆ. ಹಿಂದಿನ ಚೌಕಶಿಗಳು ಬಂದದ್ದು ಮಧ್ಯಾಹ್ನ, ನಾನು ಹೆಣದ ಜೊತೆ ಮಲಗಿದ್ದ ಹೊತ್ತಿನಲ್ಲಿ. ಆ ಹೊತ್ತಿನಲ್ಲಿ ಎಚ್ಚರವಿರುವವರು ನಮ್ಮ ಗಲ್ಲಿಯಲ್ಲಿ ಮೂರೇ ಮಂದಿ: ಕಟ್ಟೆಯ ಗಿರಿಜವ್ವ, ಹಿಟ್ಟಿನ ಗಿರಣಿಯ ಭೀಮಣ್ಣ, ನಮ್ಮ ಮೆಟ್ಟಿಲ ಕೆಳಗೆ ಮಶೀನು ಹಾಕಿಕೊಂಡಿರುವ ಟೇಲರ್ ಮೆಹಬೂಬಭಾಯಿ. ಭಾಗ್ಯಶ್ರೀಯ ಮೇಲೆ ಮೂವರಿಗೂ ಒಂದೊಂದು ಸಿಟ್ಟಿದೆ ಎಂಬುದು ಎಲ್ಲರಿಗೂ ಗೊತ್ತಿದ್ದ ವಿಷಯ. ಜಗಳವಾಡದೆ ಆಕೆ ಗಲ್ಲಿ ದಾಟಿದ ದಿನವೇ ಇಲ್ಲ. ಕಾರಣಗಳು ಸಿದ್ಧವಾಗಿದ್ದವು, ಕೊಲೆಗಾರ ಮಾತ್ರ ಬಾಕಿ.

ನಾನು ಪಳಗಿದ ಪತ್ತೇದಾರಳ ಗತ್ತಿನಿಂದ ಜೋಳದ ಡಬ್ಬಿ ಹಿಡಿದು ಗಿರಣಿಗೆ ಹೋದೆ. "ಆವತ್ತ ಚೌಕಶಿಗೆ ಬಂದವರಿಗೆ ನೀ ಏನು ಹೇಳಿದಿ ಭೀಮಣ್ಣಾ?" ಎಂದೆ. ಅವನಿಗೆ ಬೇಜಾರಾಯಿತು. "ಏನ್ ಹೇಳ್ಲಿ ವೈನಿ? ಭಾಳ ಗರೀಬ ಹುಡುಗಿ, ಬಾಯಾಗ ಬೆರಳಿಟ್ರೂ ಕಚ್ಚಂಗಿಲ್ಲ ಅಂದೆ" ಎಂದ. ನಮ್ಮ ಕಡೆ ಗರೀಬ ಎಂದರೆ ಬಡವಿಯಲ್ಲ, ಸಾಧು ಸ್ವಭಾವದವಳು. ಮೆಹಬೂಬಭಾಯಿಯ ಹತ್ತಿರ ಹೋದೆ. "ತೋಬಾ ತೋಬಾ, ನಾನ್ಯಾಕ ಕೆಟ್ಟ ಹೇಳ್ಲಿ? ಭಾಳ ಗರೀಬ ಲಡಕಿ, ಬಾಯಾಗ ಬೆರಳಿಟ್ರೂ ಕಚ್ಚಂಗಿಲ್ಲ ಅಂದೀನಿ." ಗಿರಿಜವ್ವನ ಕಟ್ಟೆಗೆ ಬಂದೆ. ಆಕೆ ನನ್ನ ಪ್ರಶ್ನೆ ಮುಗಿಯುವ ಮೊದಲೇ, "ಗರೀಬ ಹುಡುಗಿ, ಬಾಯಾಗ ಬೆರಳಿಟ್ರೂ..." ಎಂದು ಶುರು ಮಾಡಿದಳು.

ನಾನು ಅಲ್ಲೇ ಕೂತುಬಿಟ್ಟೆ. ಮೂವರು ಸಾಕ್ಷಿಗಳು, ಮೂವರದೂ ಒಂದೇ ವಾಕ್ಯ. ಇಂಥ ಘಟ್ಟ ಬಂದಾಗ ಕಾದಂಬರಿಯ ಪತ್ತೇದಾರನ ಕಿವಿ ನಿಮಿರುತ್ತದೆ. ನಿಜ ಕಂಡವರು ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ; ಒಬ್ಬನಿಗೆ ಅಂಗಿ ನೀಲಿ ಕಂಡರೆ ಇನ್ನೊಬ್ಬನಿಗೆ ಹಸಿರು ಕಾಣುತ್ತದೆ. ಎಲ್ಲರೂ ಅಕ್ಷರ ತಪ್ಪದೆ ಒಂದೇ ಮಾತು ಹೇಳಿದರೆ ಯಾರೋ ಕೂಡಿಸಿ ಕಲಿಸಿದ್ದಾರೆಂದೇ ಅರ್ಥ. "ಈ ಮಾತು ನಿನಗ ಹೇಳಿಕೊಟ್ಟವರ್ಯಾರು ಗಿರಿಜವ್ವಾ?" ಎಂದೆ. "ಮತ್ತ್ಯಾರು? ಮಹಾನಂದಾ. ಮನಿಮನಿಗಿ ಬಂದು ಕೈಮುಗದು ಹೇಳಿ ಹೋಗ್ಯಾಳ, ಹಿಂಗಾ ಹೇಳ್ರಿ ಅಂತ. ತಾಯಿ ಕರಳು, ಇಲ್ಲ ಅನ್ನಾಕ ಬರ್ತದೇನು?"

ಮೆಹಬೂಬಭಾಯಿ ಮಶೀನು ನಿಲ್ಲಿಸಿ ಅಲ್ಲಿಂದಲೇ ಹೆಮ್ಮೆಯಿಂದ ಒಂದು ಮಾತು ಸೇರಿಸಿದ. ಹಿಂದಿನ ಸಲ ಬಂದವರು ಹೋಗುವಾಗ ನಗುತ್ತ, "ನಿಮ್ಮ ಗಲ್ಲಿ ಮಂದಿ ಎಲ್ಲಾರೂ ಒಂದಾ ಸಾಲಿಯಾಗ ಕಲ್ತಾರೇನ್ರಿ?" ಎಂದು ಕೇಳಿದ್ದರಂತೆ. ಅವನು ಅದನ್ನು ಹೊಗಳಿಕೆ ಎಂದುಕೊಂಡು ಅವರಿಗೆ ಪಾನ್ ತಿನ್ನಿಸಿ ಕಳಿಸಿದ್ದನಂತೆ.

ಅಯ್ಯ ಶಿವನೇ! ಹುಡುಗಿ ನೋಡಲು ಬಂದವರ ಮುಂದೆ ಭಾಗ್ಯಶ್ರೀ ಪಟಪಟನೆ ನಾಲ್ಕು ಮಾತಾಡಿರುತ್ತಾಳೆ, ಅವರು ಅದನ್ನು ಕಣ್ಣಾರೆ ಕಂಡಿರುತ್ತಾರೆ. ಇಲ್ಲಿ ಬಂದರೆ ಗಲ್ಲಿಗೆ ಗಲ್ಲಿಯೇ ಈಕೆ ಬಾಯಿ ಇಲ್ಲದ ಹುಡುಗಿ ಎಂದು ಪಾಠ ಒಪ್ಪಿಸುತ್ತದೆ. ಯಾರಿಗೆ ತಾನೇ ಸಂಶಯ ಬರುವುದಿಲ್ಲ? ಏನೋ ದೊಡ್ಡದನ್ನೇ ಮುಚ್ಚಿಡುತ್ತಿದ್ದಾರೆ ಎಂದುಕೊಂಡು ಎದ್ದು ಹೋಗಿದ್ದಾರೆ. ಚಾಡಿ ಹೇಳಿದವರು ಒಬ್ಬರೂ ಇಲ್ಲ. ಹುಡುಗಿಯ ಲಗ್ನ ಮುರಿದದ್ದು ನಮ್ಮೆಲ್ಲರ ಒಳ್ಳೆಯತನ.

ಸುಳಿವು ಸಿಕ್ಕಿದರೆ ಕಾದಂಬರಿಯಲ್ಲಿ ಎಲ್ಲ ಸಲೀಸು. ನಮ್ಮಲ್ಲಿ ಅಲ್ಲಿಂದಲೇ ಕಷ್ಟ ಶುರುವಾಯಿತು. ಮಹಾನಂದಾಳ ಹತ್ತಿರ ಹೋಗಿ, "ಈ ಸಲ ಮಂದಿ ತಮ್ಮ ಮನಸಿಗೆ ಬಂದದ್ದು ಹೇಳಲಿ ಬಿಡು" ಎಂದೆ. ಆಕೆ ಕೆಂಡವಾದಳು. "ವೈನಿ, ನಿಮಗ ಹೆಣ್ಣಮಗಳಿಲ್ಲ. ಕಾದಂಬರಿ ಓದಿದ್ಹಂಗಲ್ಲ ಇದು. ನನ್ನ ಮಗಳ ಐಬು ಊರ ಮುಂದ ಹೇಳಸ್ತೀರೇನು? ಇದೂ ಮುರದ್ರ ಆಕಿ ಮುಖ ನೋಡಾಕ ನನ್ನ ಕಡೆ ಆಗಂಗಿಲ್ಲ." ಆಕೆ ಅಳತೊಡಗಿದಳು. ತರ್ಕವೆಲ್ಲ ಸರಿಯಿದ್ದೂ ಸೋತು ಮನೆಗೆ ಬಂದೆ. ಭಾಗ್ಯಶ್ರೀಗೆ ಎಲ್ಲವನ್ನೂ ಹೇಳಿದೆ. ಆಕೆ, "ಅವ್ವಗ ಬೈಬ್ಯಾಡ್ರಿ ಕಾಕು" ಎಂದಷ್ಟೇ ಅಂದಳು.

ಮಹಾನಂದಾ ಮತ್ತೆ ಮನೆಮನೆಗೆ ಹೋಗಿ ಕೈಮುಗಿದು ಬಂದಳು. ನಾನು ಮೂವರಿಗೂ ನಿಜ ಹೇಳಿಟ್ಟಿದ್ದೆ. ಪಾಪ, ಅವರು ಯಾರ ಮಾತು ಕೇಳಬೇಕೆಂದು ತಿಳಿಯದೆ ಎರಡು ದಿನ ನನ್ನ ಕಣ್ಣು ತಪ್ಪಿಸಿ ಓಡಾಡಿದರು.

ಚೌಕಶಿ ಬಂದದ್ದು ಒಂದು ಸುಡು ಮಧ್ಯಾಹ್ನ. ನಾನು ಆ ವಾರವೆಲ್ಲ ಪುಸ್ತಕ ಮುಟ್ಟದೆ ಬಾಲ್ಕನಿಯಲ್ಲಿ ಕೂತಿದ್ದೆ. ಇಳಕಲ್ ಸೀರೆ ಉಟ್ಟ, ಅರವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬಳು ಬಂದು ಗಿರಿಜವ್ವನ ಕಟ್ಟೆಯ ಹತ್ತಿರ ನಿಂತು, "ಇಲ್ಲೆ ಖೋಲಿ ಭಾಡಿಗಿಗೆ ಸಿಗ್ತಾವೇನ್ರಿ?" ಎಂದಳು. ನೆರೆಯವರು ಹೇಗೆ, ಗಲಾಟೆ ಇದೆಯೇ, ದೀಪ ಇದೆಯೇ ಎಂದೆಲ್ಲ ಕೇಳಿದಳು. ನಳಕ್ಕೆ ನೀರು ಯಾವ ದಿನ ಬರುತ್ತದೆ ಎಂದು ಕೇಳಲಿಲ್ಲ! ಸೊಲ್ಲಾಪುರದಲ್ಲಿ ಮನೆ ಹುಡುಕುವವರ ಮೊದಲ ಪ್ರಶ್ನೆಯೇ ಅದು. ನನ್ನ ಬುದ್ಧಿಗೆ ನಾನೇ ಶಾಭಾಸ್ ಹೇಳಿಕೊಂಡು ಕೆಳಗಿಳಿದು, ಗಿರಿಜವ್ವನ ಕಿವಿಯಲ್ಲಿ ಈ ಶೋಧವನ್ನು ಹೇಳಿದೆ. "ಆಕಿ ಗಲ್ಲಿ ತುದಿಗಿ ಬಂದಾಗ ನನಗ ಗೊತ್ತಾಗಿತ್ತು, ಸುಮ್ಮಕಿರು" ಎಂದಳು ಗಿರಿಜವ್ವ.

ಬಂದಾಕೆ ನೀಲವ್ವ, ಮಲ್ಲಿನಾಥನ ಸೋದರತ್ತೆ. ಈ ಹೆಸರು ಆಮೇಲೆ ತಿಳಿದದ್ದು. ಕಟ್ಟೆಯ ಮೇಲೆ ಕೂತು ನೀರು ಕುಡಿದು, ಮಾತಿನ ನಡುವೆ ಮೆತ್ತಗೆ, "ಆ ಮನ್ಯಾಗ ಒಬ್ಬಾಕಿ ಹುಡುಗಿ ಅದಾಳಲ್ರಿ, ಹೆಂಗದಾಳ?" ಎಂದಳು. ಗಿರಣಿ ನಿಂತಿತು. ಮಶೀನು ನಿಂತಿತು. ಮಹಾನಂದಾಳ ಕಿಟಕಿಯ ಪರದೆ ಅಲುಗಿತು. ಗಿರಿಜವ್ವ ನನ್ನ ಮುಖ ನೋಡಿದಳು, ಕಿಟಕಿಯ ಕಡೆ ನೋಡಿದಳು.

"ಭಾಳ ಗರೀಬ ಹುಡುಗಿ ರೀ. ಬಾಯಾಗ ಬೆರಳಿಟ್ರೂ..." ಎಂದು ತಡೆದಳು. ಮರುಕ್ಷಣ ಕೌದಿಯ ಮೇಲೆ ಕೈ ಬಡಿದು ಆಕೆಯೇ ಮುಗಿಸಿದಳು: "ಕಚ್ಚತಾಳ್ರಿ! ನನಗ ಸಕ್ಕರಿ ರೋಗ. ಪೇಢೆ ಮುಚ್ಚಿಟ್ಕೊಂಡು ತಿನ್ನಾಕತ್ತಿದ್ದೆ, ಬಾಯಾಗಿಂದ ಕಿತ್ತು ಒಗದಾಳ. ಮ್ಯಾಲೆ ಇಡೀ ಗಲ್ಲಿ ಕೇಳೋಹಂಗ ಒದರ್ಯಾಳ, 'ಮುದುಕಿಗಿ ಸಾಯೋದು ಐತಿ' ಅಂತ. ನನ್ನ ಮಾನಾ ತಗದಾಳ."

ಆಮೇಲೆ ಯಾರನ್ನೂ ಹಿಡಿಯಲಾಗಲಿಲ್ಲ. ಎಷ್ಟು ವರ್ಷದಿಂದ ಬಾಯಿ ಕಟ್ಟಿಕೊಂಡಿದ್ದರೋ ಏನೋ. ಭೀಮಣ್ಣ ಮೈತುಂಬ ಹಿಟ್ಟು ಮೆತ್ತಿಕೊಂಡು ಹೊರಬಂದ: ಮೊದಲಿನವರ ಗೋಧಿ ಪೂರಾ ಹೊರಬೀಳುವ ತನಕ ಈಕೆ ತನ್ನ ಜೋಳ ಹಾಕಲು ಬಿಡುವುದಿಲ್ಲ, ಅವನ ಹೆಂಡತಿಗೆ ಜ್ವರ ಬಂದಾಗ ಹೇಳದೆ ಕೇಳದೆ ರಿಕ್ಷಾ ತಂದು ಆಕೆಯನ್ನು ದವಾಖಾನೆಗೆ ಎಳೆದುಕೊಂಡು ಹೋದಳು, "ನನಗ ಗಂಡ ಅಂತ ಕಿಮ್ಮತ್ತಾ ಕೊಡಲಿಲ್ರಿ!" ಮೆಹಬೂಬಭಾಯಿಯದು ಕುಪ್ಪಸದ ದೂರು. ತೋಳು ಸರಿಯಿಲ್ಲವೆಂದು ಎಷ್ಟು ಸಲ ಬಿಚ್ಚಿಸಿದಳೆಂದರೆ ಬಟ್ಟೆಯೇ ಸವೆದು ಹೋಯಿತಂತೆ. "ಹಬ್ಬಕ್ಕ ಮಾತ್ರ ನನ್ನ ಮನೀದು ಶೀರಕುರ್ಮಾ ಮೊದಲು ಆಕೀಗಿ ಬೇಕು, ತಡಾ ಆದ್ರ ಅದಕ್ಕೂ ಜಗಳಾ" ಎಂದ.

ಮಹಾನಂದಾ ಬಾಗಿಲು ಧಡಾರನೆ ತೆಗೆದು ಹೊರಬಂದಳು. "ಗಿರಿಜವ್ವಾ! ನನ್ನ ಮಗಳ ಲಗ್ನ ಮುರಿಯಾಕ ಕುಂತೀಯೇನು? ನಿಮಗೆಲ್ಲಾ ಏನು ಮಾಡಿತ್ತು ನನ್ನ ಕೂಸು?" ಆ ದನಿ ದೊಡ್ಡ ರಸ್ತೆಯ ತನಕ ಕೇಳಿರಬೇಕು. ಮಗಳ ಗಂಟಲು ಎಲ್ಲಿಂದ ಬಂದದ್ದೆಂದು ನೀಲವ್ವನಿಗೆ ಇನ್ನು ಯಾರೂ ಹೇಳಬೇಕಾಗಿರಲಿಲ್ಲ. ತಾನು ಯಾರ ಮುಂದೆ ಕೂಗಿದೆ ಎಂದು ಹೊಳೆದು ಮಹಾನಂದಾ ತಲೆಯ ಮೇಲೆ ಸೆರಗು ಎಳೆದುಕೊಂಡು, ಸಣ್ಣ ದನಿಯಲ್ಲಿ, "ಚಾ ತಗೋತೀರೇನ್ರಿ?" ಎಂದಳು.

ನೀಲವ್ವ ನಕ್ಕಳು. ಆಕೆಯ ನಗು ಬೇಗ ನಿಂತಿತು.

"ಖೋಲಿಗೂ ಬಂದಿಲ್ರಿ ನಾ, ಹುಡುಗಿ ಕೇಳಾಕೂ ಬಂದಿಲ್ಲ. ಹುಡುಗೀನ ಅಕ್ಕಲಕೋಟದ ಗುಡಿಯಾಗ ತೋರಿಸಿದಾವತ್ತ ನೋಡೀನಿ, ಆಕಿ ಮಾತು ಕೇಳೀನಿ. ನಿಮ್ಮನ್ನ ನೋಡಾಕ ಬಂದೀನಿ" ಎಂದಳು. ಯಾರಿಗೂ ಅರ್ಥವಾಗಲಿಲ್ಲ. ಆಕೆ ಸೀರೆಯ ಅಂಚು ತೀಡುತ್ತ ಮುಂದುವರಿಸಿದಳು. "ನನ್ನ ಲಗ್ನಕ್ಕೂ ಚೌಕಶಿ ಆಗಿತ್ರಿ. ನಮ್ಮ ಓಣಿ ಮಂದಿ ಎಲ್ಲಾರೂ ಹುಡುಗಿ ಬಂಗಾರ ಅಂದ್ರು. ಒಬ್ಬರೂ ಒಂದು ಕೆಟ್ಟ ಮಾತು ಆಡಲಿಲ್ಲ. ಲಗ್ನ ಆತು, ಹೋದೆ. ಅಲ್ಲಿ ನನಗ ಏನೇನು ಆತು, ನೋಡಾಕ ಒಬ್ಬರೂ ಬರಲಿಲ್ರಿ. ಅಪ್ಪ ಇದ್ದಿದ್ದಿಲ್ಲ, ತಮ್ಮ ಸಣ್ಣಾವ. ಒಂದಿನ ನಾನೇ ನಡಕೋತ ತವರಿಗಿ ಬಂದೆ, ಆವತ್ತಿನಿಂದ ತಮ್ಮನ ಮನ್ಯಾಗ ಅದೀನಿ. ನಮ್ಮ ಮನಿಗಿ ಬರೋ ಹುಡುಗಿ ಹಿಂದ ಯಾರರ ಅದಾರೋ ಇಲ್ಲೋ ನೋಡಬೇಕಿತ್ತು. ಇಷ್ಟು ಜಗಳಾಡಿದ ಮಂದಿ ಆಕಿನ್ನ ಮರ್ಯಂಗಿಲ್ಲ ತಗೋರಿ. ಲಗ್ನದ ತಯಾರಿ ಮಾಡ್ರಿ ಮಹಾನಂದಾತಾಯಿ."

ಮಹಾನಂದಾ ಕಟ್ಟೆಯ ಅಂಚಿಗೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. ಭೀಮಣ್ಣ ಕಣ್ಣಿಗೆ ಹಿಟ್ಟು ಬಿದ್ದವರ ಹಾಗೆ ಉಜ್ಜಿಕೊಂಡ. ಗಿರಿಜವ್ವ ಮಾತ್ರ ಜೋರಿನಿಂದಲೇ ಹೇಳಿದಳು: "ಬರ್ತೀವಿ ನೋಡು ನಿಮ್ಮ ಊರಿಗಿ. ಆಕಿ ಹೆಂಗದಾಳಂತ ಕೇಳಾಕ ನಾ ಬರಾಕಿ. ಕಾಲು ನಡ್ಯಂಗಿಲ್ಲ ಅಂದ್ರ ಟೆಂಪೋ ಮಾಡ್ಕೊಂಡು ಬರ್ತೀವಿ."

"ಬರ್ರಿ ಯವ್ವಾ" ಎಂದಳು ನೀಲವ್ವ. "ಬಂದಾಗ ನನ್ನನ್ನೂ ಒಂದೀಟು ಕೇಳ್ರಿ."

ಎಷ್ಟೋ ಪತ್ತೇದಾರಿ ಕಾದಂಬರಿಗಳನ್ನು ಓದಿದ್ದೇನೆ. ಮನೆಮನೆಗೆ ಹೋಗಿ ಪ್ರಶ್ನೆ ಕೇಳುವವರನ್ನು ಯಾರಾದರೂ ತಿರುಗಿ, ನೀವು ಹೇಗಿದ್ದೀರಿ ಎಂದು ಕೇಳಿದ್ದು ಒಂದರಲ್ಲೂ ನೆನಪಿಲ್ಲ. ನನಗೂ ಕೇಳಬೇಕೆಂದು ಹೊಳೆದಿರಲಿಲ್ಲ. ಆಕೆ ಬಸ್ಸಿಗೆ ಹೋದ ಮೇಲೆ ಅದೇ ಯೋಚನೆಯಲ್ಲಿ ಬಹಳ ಹೊತ್ತು ಕಟ್ಟೆಯ ಮೇಲೆ ಕೂತಿದ್ದೆ.

ಲಗ್ನವಾಯಿತು. ಭಾಗ್ಯಶ್ರೀ ಚಪಳಗಾಂವದಿಂದಲೇ ಸ್ಕೂಟರ್ ಮೇಲೆ ಕಾರಖಾನೆಗೆ ಬರುತ್ತಾಳೆ. ನಾವೂ ಹೇಳಿದ ಮಾತಿಗೆ ತಪ್ಪದೆ ಆಗಾಗ ಟೆಂಪೋ ಮಾಡಿಕೊಂಡು ಹೋಗುತ್ತೇವೆ. ಹೋದಾಗಲೆಲ್ಲ ಆ ಹುಡುಗಿ ಸೊಂಟದ ಮೇಲೆ ಕೈಯಿಟ್ಟು ಬಾಗಿಲಲ್ಲೇ ನಮ್ಮನ್ನು ತಡೆಯುತ್ತಾಳೆ: "ನನ್ನ ನೋಡಾಕ ಬಂದೀರೋ, ನಮ್ಮ ಅತ್ತಿನ್ನ ನೋಡಾಕ ಬಂದೀರೋ?" ಗಿರಿಜವ್ವ ಅದಕ್ಕೆ ಉತ್ತರ ಕೊಡುವುದಿಲ್ಲ. ಆಕೆಯನ್ನು ಬದಿಗೆ ಸರಿಸಿ, ಗೋಡೆ ಹಿಡಿದುಕೊಂಡು ಸೀದಾ ಪಡಸಾಲೆಗೆ ಹೋಗಿ, ನೀಲವ್ವನ ಪಕ್ಕದಲ್ಲಿ ಕೂತು ಕೇಳುತ್ತಾಳೆ:

"ಹೆಂಗದೀ ನೀಲಾ? ಊಟ ಮಾಡೀಯೇನು?"